ಒಂದು ಬಿಳಿ ತುಂಡು, ಒಂದು ಕಂದು ತುಂಡು

ನನ್ನ ಬರೆಯುವ ಮೇಜಿನ ಮೇಲೆ ಕೆಲವು ತಿಂಗಳುಗಳಿಂದ ಕೊಳೆತ ಮರದ ಎರಡು ತುಂಡುಗಳಿವೆ. ನೆಲಕ್ಕುರುಳಿ ಹಳತಾದ ಎರಡು ಬೇರೆ ಬೇರೆ ಕೊರಡುಗಳಿಂದ ಅವನ್ನು ಮುರಿದು ತಂದಿದ್ದೆ. ಮೊದಲನೆಯದು ಬಣ್ಣ ಕಳೆದುಕೊಂಡು ಬಿಳಿಚಿಕೊಂಡಿದೆ. ಹಿಡಿದೆಳೆದರೆ ನಾರುನಾರಾಗಿ ಬಿಟ್ಟುಕೊಳ್ಳುತ್ತದೆ, ನೀರು ತಾಗಿಸಿದರೆ ಸ್ಪಂಜಿನಂತೆ ಹೀರಿಕೊಳ್ಳುತ್ತದೆ. ಎರಡನೆಯದು ಕಡು ಕಂದು. ಅದರ ಮೈಯಲ್ಲಿ ಉದ್ದಕ್ಕೂ ಅಡ್ಡಕ್ಕೂ ಬಿರುಕುಗಳು ಮೂಡಿ ಸಣ್ಣ ಸಣ್ಣ ಚೌಕದ ಹೆಂಟೆಗಳಾಗಿ ಒಡೆದಿದೆ, ಮತ್ತು ಒಂದು ಹೆಂಟೆಯನ್ನು ಎರಡು ಬೆರಳುಗಳ ನಡುವೆ ಹೊಸಕಿದರೆ ನುಣ್ಣನೆಯ ಪುಡಿಯಾಗಿ ಉದುರುತ್ತದೆ. ಮರಗೆಲಸದವರು ಇವೆರಡನ್ನೂ ‘ಕುಂಬು’ ಅಥವಾ ‘ಲಡ್ಡು’ ಎಂಬ ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ, ಅವರ ಕೆಲಸದ ದೃಷ್ಟಿಯಿಂದ ಅದು ಸರಿಯೂ ಹೌದು. ಆದರೆ ಬದುಕಿದ್ದಾಗ ಇವೆರಡೂ ಹೆಚ್ಚುಕಡಿಮೆ ಒಂದೇ ಸಾಮಗ್ರಿಗಳಿಂದ ಕಟ್ಟಿದ ಮರಗಳಾಗಿದ್ದವು, ಎರಡನ್ನೂ ತಿಂದದ್ದು ಶಿಲೀಂಧ್ರಗಳೇ. ಹಾಗಿದ್ದ ಮೇಲೆ ತಿಂದು ಉಳಿಸಿದ ಶೇಷ ಇಷ್ಟು ಬೇರೆ ಬೇರೆಯಾಗಿರುವುದು ಏಕೆ ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಬಿಡಲಿಲ್ಲ.

ಶಾಲೆಯಲ್ಲಿ ನಾನು ಬಾಯಿಪಾಠ ಮಾಡಿದ್ದ ವಾಕ್ಯವೊಂದು ಇದಕ್ಕೆ ಉತ್ತರ ಕೊಡಬೇಕಿತ್ತು: ಶಿಲೀಂಧ್ರಗಳು ಕಿಣ್ವಗಳನ್ನು ಸ್ರವಿಸಿ ಸತ್ತ ಮರವನ್ನು ಕೊಳೆಸುತ್ತವೆ. ವಾಕ್ಯದಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನು ಓದಿದಾಗ ನನ್ನ ಮನಸ್ಸಿನಲ್ಲಿ ಮೂಡಿದ್ದು, ಅಣಬೆಯ ಬುಡದಿಂದ ಯಾವುದೋ ತೀಕ್ಷ್ಣ ರಸ ಜಿನುಗಿ, ಅದು ತಾಗಿದಲ್ಲೆಲ್ಲ ಮರ ಕರಗಿಹೋಗುವ ಚಿತ್ರ. ಅದನ್ನು ನಾನು ಎಷ್ಟೋ ವರ್ಷ ಯಾವ ಸಂಶಯವೂ ಇಲ್ಲದೆ ಇಟ್ಟುಕೊಂಡಿದ್ದೆ. ಒಂದೇ ರಸ ಎಲ್ಲವನ್ನೂ ಕರಗಿಸುವುದಾದರೆ ಎರಡು ಬಗೆಯ ಕೊಳೆ ಇರಲು ಸಾಧ್ಯವಿಲ್ಲ ಎಂಬ ಸರಳ ಸಂಗತಿ ಹೊಳೆದದ್ದು ಈ ತುಂಡುಗಳನ್ನು ಪಕ್ಕಪಕ್ಕದಲ್ಲಿ ಇಟ್ಟ ಮೇಲೆಯೇ.

ಹಿಂದಿನವರ ಕಲ್ಪನೆ ನನ್ನದಕ್ಕಿಂತಲೂ ತಲೆಕೆಳಗಾಗಿತ್ತು ಎಂಬುದು ಸ್ವಲ್ಪ ಸಮಾಧಾನದ ವಿಷಯ. ಹತ್ತೊಂಬತ್ತನೆಯ ಶತಮಾನದ ಬಹುಭಾಗದಲ್ಲಿ, ಮರ ಮೊದಲು ತಾನಾಗಿಯೇ ಕೊಳೆಯುತ್ತದೆ, ಆ ಕೊಳೆಯಿಂದ ಅಣಬೆ ಹುಟ್ಟುತ್ತದೆ ಎಂದೇ ಅನೇಕ ವಿದ್ವಾಂಸರು ತಿಳಿದಿದ್ದರು. 1870ರ ದಶಕದಲ್ಲಿ ಜರ್ಮನಿಯ ಅರಣ್ಯ ವಿಜ್ಞಾನಿ ರಾಬರ್ಟ್ ಹಾರ್ಟಿಗ್ ಅವರು ಕೊಳೆತ ಮರವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಮರದ ಕೋಶಗಳೊಳಗೆ ಹರಿದಾಡುವ ಎಳೆಗಳಿಗೂ ಹೊರಗೆ ಕಾಣುವ ಅಣಬೆಗೂ ಇರುವ ಸಂಬಂಧವನ್ನು ತೋರಿಸಿಕೊಟ್ಟರು. ಅಣಬೆ ಕೊಳೆಯ ಫಲವಲ್ಲ, ಕಾರಣ ಎಂಬುದು ಅಲ್ಲಿಂದ ಸ್ಥಿರವಾಯಿತು. ಬೇರೆ ಬೇರೆ ಶಿಲೀಂಧ್ರಗಳು ಬೇರೆ ಬೇರೆ ಬಗೆಯ ಕೊಳೆಯನ್ನು ಉಂಟುಮಾಡುತ್ತವೆ ಎಂಬುದನ್ನೂ ಅವರು ಗುರುತಿಸಿದ್ದರು.

ನಾವು ಅಣಬೆ ಎಂದು ಕರೆಯುವುದು ಈ ಜೀವಿಯ ಹೊರಗಿನ ಫಲಾಂಗ ಮಾತ್ರ. ಮರವನ್ನು ತಿನ್ನುವ ದೇಹ ಒಳಗಿದೆ, ಕೆಲವೇ ಮೈಕ್ರೋಮೀಟರ್ ದಪ್ಪದ ಎಳೆಗಳ ಜಾಲವಾಗಿ, ಮರದ ಕೋಶಗಳ ಟೊಳ್ಳುಗಳಲ್ಲಿ ಹಬ್ಬಿಕೊಂಡಿದೆ. ಈ ಎಳೆಗೆ ಬಾಯಿಯಿಲ್ಲ, ಹೊಟ್ಟೆಯಿಲ್ಲ. ಅದರ ಸುತ್ತ ಗಟ್ಟಿ ಗೋಡೆ ಇರುವುದರಿಂದ ಆಹಾರದ ತುಣುಕನ್ನು ನುಂಗುವ ದಾರಿಯೂ ಇಲ್ಲ. ಹೀಗಾಗಿ ಜೀರ್ಣಕ್ರಿಯೆಯೆಲ್ಲ ದೇಹದ ಹೊರಗೇ ನಡೆಯಬೇಕು: ಕಿಣ್ವಗಳನ್ನು ಹೊರಗೆ ಕಳಿಸಿ, ಅವು ಮರವನ್ನು ಒಡೆದು ಕರಗುವ ಸಕ್ಕರೆಯಾಗಿಸಿದ ಮೇಲೆ, ಆ ಸಕ್ಕರೆಯನ್ನು ಗೋಡೆಯ ಮೂಲಕ ಹೀರಿಕೊಳ್ಳಬೇಕು. ಇದರಲ್ಲಿ ಅಪಾಯವೂ ಇದೆ. ಹೊರಗೆ ಬಿಟ್ಟ ಕಿಣ್ವ ಮರಳಿ ಬರುವ ಭರವಸೆಯಿಲ್ಲ, ಅದು ದುಡಿದು ಬಿಡಿಸಿದ ಸಕ್ಕರೆಯನ್ನು ಪಕ್ಕದಲ್ಲಿ ಕಾದು ಕುಳಿತ ಬ್ಯಾಕ್ಟೀರಿಯಾ ಎತ್ತಿಕೊಂಡು ಹೋಗಬಹುದು. ಒಣ ಮರ ಶತಮಾನಗಳ ಕಾಲ ಉಳಿಯುವುದಕ್ಕೂ ಮೂಲ ಇಲ್ಲಿಯೇ ಇದೆ. ಕಿಣ್ವ ಎಳೆಯಿಂದ ಮರಕ್ಕೆ, ಸಕ್ಕರೆ ಮರದಿಂದ ಎಳೆಗೆ ಸಾಗಲು ನೀರು ಬೇಕು; ಮರದ ತೇವಾಂಶ ಶೇಕಡಾ 20ಕ್ಕಿಂತ ಕೆಳಗಿದ್ದರೆ ಈ ಸಾಗಾಟ ನಡೆಯುವುದಿಲ್ಲ, ಶೇಕಡಾ 30ರ ಆಸುಪಾಸಿಗೆ ಏರಿದಾಗ ಕೊಳೆ ಶುರುವಾಗುತ್ತದೆ.

‘ಕಿಣ್ವ’ ಎಂಬ ಮಾತಿನ ಬಗ್ಗೆ ಇಲ್ಲೊಂದು ಅಡ್ಡಮಾತು ಹೇಳಬೇಕು. ಸಂಸ್ಕೃತದಲ್ಲಿ ಕಿಣ್ವವೆಂದರೆ ಮದ್ಯ ತಯಾರಿಸಲು ಬಳಸುವ ಹುದುಗು. ಜಡಭೂತಗಳ ಕೂಟದಿಂದಲೇ ಚೈತನ್ಯ ಹುಟ್ಟುತ್ತದೆ ಎಂದು ವಾದಿಸಿದ ಚಾರ್ವಾಕರು ಕೊಡುತ್ತಿದ್ದ ಉದಾಹರಣೆಯೂ ಕಿಣ್ವದಿಂದ ಮದಶಕ್ತಿ ಹುಟ್ಟುವುದೇ ಆಗಿತ್ತು. ಯೂರೋಪಿನಲ್ಲಿ 1870ರ ದಶಕದಲ್ಲಿ ವಿಲ್ಹೆಲ್ಮ್ ಕ್ಯೂನೆ ಎಂಜೈಮ್ ಎಂಬ ಪದವನ್ನು ಟಂಕಿಸಿದಾಗ ಆರಿಸಿಕೊಂಡ ಗ್ರೀಕ್ ಮಾತಿನ ಅರ್ಥವೂ ‘ಹುದುಗಿನೊಳಗೆ’ ಎಂದೇ. ಹುದುಗಿನ ಯೀಸ್ಟ್ ಕೂಡ ಒಂದು ಶಿಲೀಂಧ್ರ. ಆದ್ದರಿಂದ ಪದದ ಬೇರಿನಲ್ಲಿ ಶಿಲೀಂಧ್ರ ಮೊದಲೇ ಕುಳಿತಿತ್ತು ಎನ್ನಬಹುದು, ಆದರೆ ಯೀಸ್ಟಿಗೆ ಸಕ್ಕರೆ ಸಿದ್ಧವಾಗಿ ಸಿಗುತ್ತದೆ. ಮರದ ಶಿಲೀಂಧ್ರಕ್ಕೆ ಅದನ್ನು ಬಿಡಿಸಿಕೊಳ್ಳುವುದೇ ದೊಡ್ಡ ಕೆಲಸ.

ಮರದ ಒಣತೂಕದಲ್ಲಿ ಸುಮಾರು ಶೇಕಡಾ 40ರಿಂದ 50 ಸೆಲ್ಯುಲೋಸ್, 20ರಿಂದ 35 ಹೆಮಿಸೆಲ್ಯುಲೋಸ್, 20ರಿಂದ 30 ಲಿಗ್ನಿನ್. ಸೆಲ್ಯುಲೋಸಿನ ಹುರಿಗಳು ಕೋಶದ ಗೋಡೆಯಲ್ಲಿ ಸುತ್ತಿಕೊಂಡಿರುತ್ತವೆ, ಹೆಮಿಸೆಲ್ಯುಲೋಸ್ ಅವುಗಳಿಗೆ ಮೆತ್ತಿಕೊಂಡಿರುತ್ತದೆ, ಲಿಗ್ನಿನ್ ಉಳಿದ ಸಂದುಗಳನ್ನೆಲ್ಲ ತುಂಬಿ ಗಟ್ಟಿಯಾದ ಅಂಟಿನಂತೆ ಎಲ್ಲವನ್ನೂ ಹಿಡಿದಿಟ್ಟಿರುತ್ತದೆ. ಊಟ ಇರುವುದು ಮೊದಲ ಎರಡರಲ್ಲಿ. ಮೂರನೆಯದು ಆ ಊಟದ ಮೇಲೆ ಜಡಿದ ಮುಚ್ಚಳ.

ಸೆಲ್ಯುಲೋಸ್ ಎಂದರೆ ಗ್ಲೂಕೋಸ್ ಅಣುಗಳನ್ನು ಸಾವಿರಾರು ಸಂಖ್ಯೆಯಲ್ಲಿ ಪೋಣಿಸಿದ ಸರ. ಪಿಷ್ಟವೂ ಅದೇ ಗ್ಲೂಕೋಸಿನ ಸರವೇ, ಆದರೆ ಪೋಣಿಸಿದ ಕೊಂಡಿಯ ದಿಕ್ಕು ಬೇರೆ, ಮತ್ತು ಆ ಒಂದು ವ್ಯತ್ಯಾಸದಿಂದ ಎಲ್ಲವೂ ಬೇರೆಯಾಗುತ್ತದೆ. ಪಿಷ್ಟದ ಸರ ಸುರುಳಿ ಸುತ್ತಿಕೊಂಡು ಸಡಿಲವಾಗಿರುತ್ತದೆ. ಸೆಲ್ಯುಲೋಸಿನಲ್ಲಿ ಪ್ರತಿಯೊಂದು ಗ್ಲೂಕೋಸ್ ತನ್ನ ಹಿಂದಿನದಕ್ಕೆ ಮಗುಚಿ ಕುಳಿತಿರುವುದರಿಂದ ಸರವು ಚಪ್ಪಟೆ ಪಟ್ಟಿಯಂತೆ ನೆಟ್ಟಗಾಗುತ್ತದೆ. ಇಂಥ ಹತ್ತಾರು ಪಟ್ಟಿಗಳು ಒತ್ತೊತ್ತಾಗಿ ಸೇರಿ, ಹೈಡ್ರೋಜನ್ ಬಂಧಗಳಿಂದ ಹೆಣೆದುಕೊಂಡು, ನೀರೂ ನುಸುಳದ ಹರಳಿನ ಹುರಿಯಾಗುತ್ತವೆ. ಕಿಣ್ವವಿಲ್ಲದೆ ಬರಿಯ ನೀರಿನಲ್ಲಿ ಸಾಮಾನ್ಯ ಉಷ್ಣತೆಯಲ್ಲಿ ಈ ಕೊಂಡಿಗಳು ತಾವಾಗಿಯೇ ಕಳಚಿಕೊಳ್ಳುವುದಾದರೆ ಅವುಗಳಲ್ಲಿ ಅರ್ಧದಷ್ಟು ಮುರಿಯಲು ಸುಮಾರು 50 ಲಕ್ಷ ವರ್ಷ ಬೇಕು ಎಂದು ರಿಚರ್ಡ್ ವುಲ್ಫೆಂಡೆನ್ ಮತ್ತು ಸಂಗಡಿಗರು 1998ರಲ್ಲಿ ಲೆಕ್ಕ ಹಾಕಿದರು. ಕೊರಡೊಂದು ಕೆಲವೇ ವರ್ಷಗಳಲ್ಲಿ ಮಣ್ಣಾಗುವುದನ್ನು ಕಂಡ ನನಗೆ ಕಿಣ್ವದ ಶಕ್ತಿ ಎಷ್ಟೆಂಬುದು ಮನದಟ್ಟಾದದ್ದು ಈ ಸಂಖ್ಯೆಯಿಂದ.

ಕಿಣ್ವವನ್ನು ಕತ್ತರಿಗೆ ಹೋಲಿಸುವುದು ಪಠ್ಯಪುಸ್ತಕಗಳ ರೂಢಿ, ಆದರೆ ಇಲ್ಲಿ ಆ ಹೋಲಿಕೆ ದಾರಿ ತಪ್ಪಿಸುತ್ತದೆ. ಕತ್ತರಿಸುವುದು ಕಷ್ಟದ ಭಾಗವೇ ಅಲ್ಲ. ಬಿಗಿಯಾಗಿ ಹೊಸೆದ ಹುರಿಯಿಂದ ಒಂದು ಸರವನ್ನು ಎಬ್ಬಿಸಿ ಹೊರಗೆಳೆಯುವುದು ಕಷ್ಟ. ಎಂಡೋಗ್ಲೂಕನೇಸ್ ಎಂಬ ಕಿಣ್ವ ಹುರಿಯ ಸಡಿಲ ಜಾಗಗಳಲ್ಲಿ ಸರವನ್ನು ನಡುವೆಯೇ ತುಂಡರಿಸಿ ಹೊಸ ತುದಿಗಳನ್ನು ಮಾಡಿಕೊಡುತ್ತದೆ. ಸೆಲ್ಲೋಬಯೋಹೈಡ್ರೋಲೇಸ್ ಆ ತುದಿಯನ್ನು ಹಿಡಿದು, ತನ್ನ ಮೈಯಲ್ಲಿರುವ ಸುಮಾರು ಐದು ನ್ಯಾನೋಮೀಟರ್ ಉದ್ದದ ಸುರಂಗದೊಳಕ್ಕೆ ಎಳೆದುಕೊಂಡು, ಕೈಬಿಡದೆ ಮುಂದೆ ಮುಂದೆ ಸಾಗುತ್ತ, ಪ್ರತಿ ಹೆಜ್ಜೆಗೂ ಎರಡು ಗ್ಲೂಕೋಸುಗಳ ಒಂದೊಂದು ಜೋಡಿಯನ್ನು ಕತ್ತರಿಸಿ ಬಿಡುತ್ತದೆ. ಸೆಲ್ಲೋಬಯೋಸ್ ಎಂಬ ಈ ಜೋಡಿಗಳು ಸುತ್ತಲೂ ತುಂಬಿಕೊಂಡರೆ ಅದೇ ಕಿಣ್ವದ ಸುರಂಗ ಕಟ್ಟಿಕೊಳ್ಳುವುದರಿಂದ, ಅವನ್ನು ಬಿಡಿ ಗ್ಲೂಕೋಸಾಗಿ ಒಡೆಯಲು ಬೀಟಾ-ಗ್ಲೂಕೋಸಿಡೇಸ್ ಎಂಬ ಮೂರನೆಯದು ಬೇಕಾಗುತ್ತದೆ. 2011ರಲ್ಲಿ ಜಪಾನಿನ ಕಿಯೋಹಿಕೊ ಇಗರಾಶಿ ಮತ್ತು ಸಂಗಡಿಗರು ಅತಿವೇಗದ ಸೂಕ್ಷ್ಮದರ್ಶಕದಲ್ಲಿ ಈ ಕಿಣ್ವದ ಅಣುಗಳು ಸೆಲ್ಯುಲೋಸಿನ ಮೇಲೆ ಸೆಕೆಂಡಿಗೆ ಕೆಲವೇ ನ್ಯಾನೋಮೀಟರ್ ವೇಗದಲ್ಲಿ ಒಂದೇ ದಿಕ್ಕಿಗೆ ಸಾಗುವುದನ್ನು ತೋರಿಸಿದರು. ಮುಂದಿನದು ಎಲ್ಲೋ ಸಿಕ್ಕಿಕೊಂಡು ನಿಂತರೆ ಹಿಂದಿನವು ಅದರ ಬೆನ್ನಿಗೆ ಸಾಲುಗಟ್ಟಿ ನಿಲ್ಲುತ್ತವೆ. ಅವರೂ ಅದನ್ನು ವಾಹನದಟ್ಟಣೆ ಎಂದೇ ಕರೆದರು.

ಈ ಕಿಣ್ವಗಳ ಬಗೆಗಿನ ತಿಳಿವಳಿಕೆಯ ಬಹುಪಾಲು ಬಂದದ್ದು ಮರದಿಂದ ಅಲ್ಲ, ಬಟ್ಟೆಯಿಂದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಸಿಫಿಕ್ ದ್ವೀಪಗಳಲ್ಲಿ ಅಮೆರಿಕದ ಸೈನ್ಯದ ಹತ್ತಿ ಗುಡಾರಗಳೂ ಉಡುಪುಗಳೂ ಬೇಗಬೇಗನೆ ಹರಿದುಹೋಗುತ್ತಿದ್ದವು. ಕಾರಣ ಹುಡುಕಲು ಸಂಗ್ರಹಿಸಿದ ಶಿಲೀಂಧ್ರಗಳ ಪೈಕಿ ಸಾಲೊಮನ್ ದ್ವೀಪಗಳಿಂದ ಬಂದ ಒಂದು ಟ್ರೈಕೋಡರ್ಮ ತಳಿ ಸೆಲ್ಯುಲೋಸನ್ನು ಬೇರೆಲ್ಲಕ್ಕಿಂತ ಚೆನ್ನಾಗಿ ಒಡೆಯುತ್ತಿತ್ತು. ಎಲ್ವಿನ್ ರೀಸ್ ಮತ್ತು ಮೇರಿ ಮ್ಯಾಂಡೆಲ್ಸ್ ದಶಕಗಳ ಕಾಲ ಅದರ ಮೇಲೆ ಕೆಲಸ ಮಾಡಿದರು, 1977ರಲ್ಲಿ ರೀಸ್ ಅವರ ಗೌರವಾರ್ಥ ಅದಕ್ಕೆ ಟ್ರೈಕೋಡರ್ಮ ರೀಸಿಯೈ ಎಂಬ ಹೆಸರಾಯಿತು. ಇಂದು ಕಾರ್ಖಾನೆಗಳಲ್ಲಿ ಬೆಳೆಸುವ ಅದರ ಸುಧಾರಿತ ತಳಿಗಳು ಒಂದು ಲೀಟರ್ ದ್ರವದಲ್ಲಿ 100 ಗ್ರಾಂ ಮೀರಿದ ಪ್ರೋಟೀನನ್ನು ಸುರಿಯಬಲ್ಲವು. ಆದರೆ ಹತ್ತಿಯಲ್ಲಿ ಲಿಗ್ನಿನ್ ಇಲ್ಲವೆನ್ನುವಷ್ಟು ಕಡಿಮೆ, ಮತ್ತು ಈ ಶಿಲೀಂಧ್ರಕ್ಕೆ ಲಿಗ್ನಿನ್ನನ್ನು ಒಡೆಯಲು ಬಾರದು. ಗಟ್ಟಿ ಮರದ ಮುಂದೆ ಅದರ ಪರಾಕ್ರಮ ನಡೆಯುವುದಿಲ್ಲ.

ರೀಸ್ ಅವರ ಒಂದು ಊಹೆಯ ಕಥೆ ನನಗೆ ಬಹಳ ಇಷ್ಟ. ಸರವನ್ನು ತುಂಡರಿಸುವ ಕಿಣ್ವಗಳು ಕೆಲಸ ಶುರುಮಾಡುವ ಮೊದಲು ಹರಳನ್ನು ಸಡಿಲಿಸುವ ಮತ್ತೊಂದು ಅಂಶ ಇರಲೇಬೇಕು ಎಂದು 1950ರಲ್ಲೇ ಅವರು ಸಹೋದ್ಯೋಗಿಗಳೊಂದಿಗೆ ಸೂಚಿಸಿ ಅದಕ್ಕೆ ‘ಸಿ-ಒಂದು’ ಎಂದು ಹೆಸರಿಟ್ಟಿದ್ದರು. ಮುಂದೆ ಸೆಲ್ಲೋಬಯೋಹೈಡ್ರೋಲೇಸೇ ಆ ಅಂಶವೆಂದು ಹಲವರು ಭಾವಿಸಿದರು, ಊಹೆ ಪಕ್ಕಕ್ಕೆ ಸರಿಯಿತು. ಅರವತ್ತು ವರ್ಷಗಳ ನಂತರ, 2010ರಲ್ಲಿ ನಾರ್ವೆಯ ಸಂಶೋಧಕರು ಸಂಪೂರ್ಣ ಹೊಸ ಬಗೆಯ ಕಿಣ್ವವೊಂದರ ಕೆಲಸವನ್ನು ಬಿಡಿಸಿ ತೋರಿಸಿದರು: ಒಂದೇ ಒಂದು ಲೋಹದ ಪರಮಾಣುವನ್ನು (ಅದು ತಾಮ್ರವೆಂದು ಆಮೇಲೆ ಖಚಿತವಾಯಿತು) ಮೈಮೇಲೆ ಹಿಡಿದುಕೊಂಡ ಚಪ್ಪಟೆ ಮುಖದ ಪ್ರೋಟೀನು ಹರಳಿನ ಮೇಲ್ಮೈಗೆ ನೇರವಾಗಿ ಕುಳಿತು, ನೀರಿನ ಬದಲು ಆಕ್ಸಿಜನ್ನಿನ ನೆರವಿನಿಂದ ಸರವನ್ನು ಸೀಳುತ್ತದೆ. ಅವರು ಅದನ್ನು ಕಂಡದ್ದು ಕೈಟಿನ್ ಎಂಬ ಬೇರೆ ವಸ್ತುವಿನ ಮೇಲೆ ಕೆಲಸಮಾಡುವ ಬ್ಯಾಕ್ಟೀರಿಯಾದ ಪ್ರೋಟೀನಿನಲ್ಲಿ. ಆದರೆ ಬೇಗನೆ ಅದರ ನೆಂಟರು ಮರ ತಿನ್ನುವ ಶಿಲೀಂಧ್ರಗಳಲ್ಲಿ ಧಾರಾಳವಾಗಿ ಸಿಕ್ಕರು. ಅಷ್ಟರವರೆಗೆ ಅವನ್ನು ಕೈಲಾಗದ ಸೆಲ್ಯುಲೇಸುಗಳೆಂದು ವರ್ಗೀಕರಿಸಿ ಮೂಲೆಗೆ ಹಾಕಲಾಗಿತ್ತು. ಸುರಂಗದ ಕಿಣ್ವಕ್ಕೆ ತುದಿ ಬೇಕು, ಹರಳಿನಲ್ಲಿ ತುದಿಗಳಿಲ್ಲ. ಈ ತಾಮ್ರದ ಕಿಣ್ವ ಹರಳಿನ ನಡುವೆಯೇ ತುದಿಗಳನ್ನು ಹುಟ್ಟಿಸುತ್ತದೆ.

ಹೆಮಿಸೆಲ್ಯುಲೋಸಿನ ಬಗ್ಗೆ ಹೆಚ್ಚು ಹೇಳಲು ನನಗೆ ಉತ್ಸಾಹವಿಲ್ಲ. ಅದು ಗಿಡ್ಡ ಸರ, ಕವಲುಗಳಿರುವುದರಿಂದ ಹರಳುಗಟ್ಟುವುದಿಲ್ಲ. ಕವಲಿಗೊಂದು, ಸರಕ್ಕೊಂದು ಎಂಬಂತೆ ಹಲವು ಕಿಣ್ವಗಳು ಸೇರಿ ಅದನ್ನು ಬಿಡಿಸುತ್ತವೆ.

ಲಿಗ್ನಿನ್ನಿನ ವಿಷಯ ಹಾಗಲ್ಲ. 1894ರಲ್ಲಿ ಎಮಿಲ್ ಫಿಷರ್ ಕಿಣ್ವವನ್ನೂ ಅದು ಹಿಡಿಯುವ ಅಣುವನ್ನೂ ಬೀಗ ಮತ್ತು ಬೀಗದ ಕೈಗೆ ಹೋಲಿಸಿದರು. ಸೆಲ್ಯುಲೋಸಿಗೆ ಆ ಹೋಲಿಕೆ ಒಪ್ಪುತ್ತದೆ, ಏಕೆಂದರೆ ಅಲ್ಲಿ ಒಂದೇ ಬಗೆಯ ಬೀಗ ಸಾವಿರಾರು ಸಲ ಮರುಕಳಿಸುತ್ತದೆ. ಲಿಗ್ನಿನ್ನಿನಲ್ಲಿ ಮರುಕಳಿಸುವ ಆಕಾರವೇ ಇಲ್ಲ. ಬೆಳೆಯುವ ಮರ ಮೂರು ಮುಖ್ಯ ಬಗೆಯ ಸಣ್ಣ ಅಣುಗಳನ್ನು ಕೋಶದ ಗೋಡೆಗೆ ಕಳಿಸಿ, ಅಲ್ಲಿ ಅವನ್ನು ಸಿಕ್ಕಿದ್ದಕ್ಕೆಲ್ಲ ಅಂಟಿಕೊಳ್ಳುವ ಅತಿಚುರುಕಿನ ಅಣುಗಳಾಗಿ, ಅಂದರೆ ಮುಕ್ತ ರ‍್ಯಾಡಿಕಲ್‌ಗಳಾಗಿ ಕೆರಳಿಸಿ ಬಿಟ್ಟುಬಿಡುತ್ತದೆ. ಅವು ಎಲ್ಲೆಲ್ಲಿ ತಾಗುತ್ತವೋ ಅಲ್ಲಲ್ಲಿ, ಹಲವು ಬಗೆಯ ಬಂಧಗಳಲ್ಲಿ ಅಂಟಿಕೊಂಡು, ಮೂರು ಆಯಾಮಗಳಲ್ಲಿ ಗಂಟುಗಂಟಾಗಿ ಬೆಳೆಯುತ್ತವೆ. ಈ ಗಂಟಿನ ಎರಡು ತುಣುಕುಗಳು ಒಂದರಂತೆ ಒಂದು ಇರುವುದಿಲ್ಲ. ಅದರ ಮುಖ್ಯ ಬಂಧಗಳು ನೀರನ್ನು ಸೇರಿಸಿ ಬಿಡಿಸಬಹುದಾದಂಥವೂ ಅಲ್ಲ. ಹೀಗಿರುವ ಬೀಗಕ್ಕೆ ಬೀಗದ ಕೈ ತಯಾರಿಸುವುದು ವ್ಯರ್ಥ ಪ್ರಯತ್ನ.

ನನ್ನ ಬಿಳಿ ತುಂಡಿನಂಥ ಶೇಷವನ್ನು ಉಳಿಸುವ ‘ಬಿಳಿ ಕೊಳೆ’ಯ ಶಿಲೀಂಧ್ರಗಳು ಬೀಗದ ಕೈ ತಯಾರಿಸುವುದನ್ನು ಬಿಟ್ಟು ಬೀಗವನ್ನೇ ಸುಡುವ ದಾರಿ ಹಿಡಿದಿವೆ. 1983ರಲ್ಲಿ ಅಮೆರಿಕದಲ್ಲಿ ಮಿಂಗ್ ಟಿಯೆನ್ ಮತ್ತು ಕೆಂಟ್ ಕಿರ್ಕ್ ಅವರ ತಂಡವೂ ಮೈಕೆಲ್ ಗೋಲ್ಡ್ ಅವರ ತಂಡವೂ ಪ್ರತ್ಯೇಕವಾಗಿ, ಫನೆರೋಕೀಟೆ ಕ್ರೈಸೋಸ್ಪೋರಿಯಮ್ ಎಂಬ ಶಿಲೀಂಧ್ರದಲ್ಲಿ ಲಿಗ್ನಿನ್ ಪೆರಾಕ್ಸಿಡೇಸ್ ಎಂಬ ಕಿಣ್ವವನ್ನು ಕಂಡುಹಿಡಿದರು. ನಮ್ಮ ರಕ್ತದ ಹಿಮೋಗ್ಲೋಬಿನ್ನಿನಲ್ಲಿರುವಂಥದೇ ಕಬ್ಬಿಣದ ಹೀಮ್ ಅದರ ಒಡಲಲ್ಲಿದೆ. ಹೈಡ್ರೋಜನ್ ಪೆರಾಕ್ಸೈಡ್ ಸಿಕ್ಕೊಡನೆ ಆ ಹೀಮ್ ಕೆರಳಿ, ಲಿಗ್ನಿನ್ನಿನ ಉಂಗುರದಿಂದ ಒಂದೇ ಒಂದು ಎಲೆಕ್ಟ್ರಾನನ್ನು ಕಿತ್ತುಕೊಳ್ಳುತ್ತದೆ. ಕಿಣ್ವದ ಪಾತ್ರ ಇಷ್ಟೇ. ಎಲೆಕ್ಟ್ರಾನ್ ಕಳೆದುಕೊಂಡು ಅಸ್ಥಿರವಾದ ಲಿಗ್ನಿನ್ ತನ್ನೊಳಗೇ ಎಲ್ಲಿ ದುರ್ಬಲವೋ ಅಲ್ಲಿ ಮುರಿದುಕೊಳ್ಳುತ್ತದೆ. ಇಂಗಾಲದ ಬಂಧಗಳನ್ನು ಆಕ್ಸಿಜನ್ ಸೇರಿಸಿ ಮುರಿಯುವ ಈ ಬಗೆಯನ್ನು ಕಿರ್ಕ್ ಅವರು ಮುಂದೆ ‘ಕಿಣ್ವ ದಹನ’ ಎಂದು ಕರೆದದ್ದು ನನಗೆ ಸರಿಯೆನಿಸುತ್ತದೆ: ಒಲೆಯಲ್ಲಿ ಕ್ಷಣದಲ್ಲಿ ಆಗುವುದು ಕೊರಡಿನಲ್ಲಿ ಜ್ವಾಲೆಯಿಲ್ಲದೆ ವರ್ಷಗಟ್ಟಲೆ ಆಗುತ್ತದೆ, ಕೊನೆಗೆ ಸಿಗುವುದು ಎರಡರಲ್ಲೂ ಇಂಗಾಲದ ಡೈಆಕ್ಸೈಡ್ ಮತ್ತು ನೀರು.

ಇದೇ ಕುಲದ ಇನ್ನೊಂದು ಕಿಣ್ವ, ಮ್ಯಾಂಗನೀಸ್ ಪೆರಾಕ್ಸಿಡೇಸ್, ಲಿಗ್ನಿನ್ನನ್ನು ಮುಟ್ಟುವುದೂ ಇಲ್ಲ. ಮರದಲ್ಲಿ ಅಲ್ಪಸ್ವಲ್ಪ ಇರುವ ಮ್ಯಾಂಗನೀಸಿನಿಂದ ಎಲೆಕ್ಟ್ರಾನ್ ಕಿತ್ತು ಅದನ್ನು ಕೆರಳಿಸಿ, ಶಿಲೀಂಧ್ರವೇ ಬಿಟ್ಟ ಆಕ್ಸಾಲಿಕ್ ಆಮ್ಲದ ಆಸರೆಯಲ್ಲಿ ದೂರಕ್ಕೆ ಕಳಿಸುತ್ತದೆ. ದೊಡ್ಡ ಗಾತ್ರದ ಕಿಣ್ವ ನುಸುಳಲಾರದ ಸಂದುಗಳಿಗೆ ಈ ಪುಟ್ಟ ಲೋಹದ ಅಯಾನು ನುಸುಳಿ ಲಿಗ್ನಿನ್ನನ್ನು ಮುರಿಯುತ್ತದೆ. ಪೆರಾಕ್ಸೈಡ್ ಬೇಡದ, ಗಾಳಿಯ ಆಕ್ಸಿಜನ್ನನ್ನೇ ಬಳಸುವ ಲ್ಯಾಕೇಸ್ ಎಂಬುದೊಂದಿದೆ. ಅದನ್ನು ಮೊದಲು ಕಂಡದ್ದು 1883ರಲ್ಲಿ, ಜಪಾನಿನ ಅರಗಿನ ಮರದ ಹಾಲಿನಲ್ಲಿ, ಹಿಕೊರೊಕುರೊ ಯೋಶಿದ ಅವರು. ಗಿಡದಲ್ಲಿ ಮೊದಲು ಸಿಕ್ಕ ಕಿಣ್ವ ಶಿಲೀಂಧ್ರದಲ್ಲಿ ಏನು ಮಾಡುತ್ತಿದೆ ಎಂದು ಕೇಳಿಕೊಂಡಾಗ ಒಂದು ವಿಚಿತ್ರ ಎದುರಾಗುತ್ತದೆ. ಬೆಳೆಯುವ ಮರ ಲಿಗ್ನಿನ್ನಿನ ಸಣ್ಣ ಅಣುಗಳನ್ನು ಕೆರಳಿಸಿ ಅಂಟಿಸಲು ಬಳಸುವುದೂ ಪೆರಾಕ್ಸಿಡೇಸ್ ಮತ್ತು ಲ್ಯಾಕೇಸುಗಳನ್ನೇ. ಕಟ್ಟುವವನೂ ಕೆಡವುವವನೂ ದೂರದ ದಾಯಾದಿಗಳಂಥ ಉಪಕರಣಗಳನ್ನೇ ಹಿಡಿದಿದ್ದಾರೆ. ಪ್ರಯೋಗಾಲಯದಲ್ಲಿ ಶಿಲೀಂಧ್ರದ ಕಿಣ್ವವನ್ನು ಬೇರ್ಪಡಿಸಿ ಲಿಗ್ನಿನ್ನಿಗೆ ಹಾಕಿದರೆ ಎಷ್ಟೋ ಸಲ ಮುರಿದ ತುಣುಕುಗಳು ಮತ್ತೆ ಒಂದಕ್ಕೊಂದು ಅಂಟಿಕೊಳ್ಳುವುದೂ ಇದರಿಂದಲೇ. ಬದುಕಿರುವ ಶಿಲೀಂಧ್ರ ಆ ತುಣುಕುಗಳನ್ನು ಕೂಡಲೇ ಒಳಗೆಳೆದುಕೊಂಡು ಆ ಅವಕಾಶವನ್ನು ತಪ್ಪಿಸುತ್ತದೆ.

ಈ ದಹನಕ್ಕೆ ಬೇಕಾದ ಪೆರಾಕ್ಸೈಡ್ ಪುಕ್ಕಟೆ ಬರುವುದಿಲ್ಲ. ಅದನ್ನು ತಯಾರಿಸುವುದಕ್ಕೇ ಬೇರೆ ಆಕ್ಸಿಡೇಸ್ ಕಿಣ್ವಗಳಿವೆ, ಅವುಗಳಲ್ಲಿ ಕೆಲವು ಸಕ್ಕರೆಯನ್ನೇ ಉರುವಲಾಗಿ ಬಳಸುತ್ತವೆ. ಅಂದರೆ ಸೆಲ್ಯುಲೋಸಿನಿಂದ ಕಷ್ಟಪಟ್ಟು ಬಿಡಿಸಿದ ಗ್ಲೂಕೋಸಿನ ಒಂದು ಪಾಲು ಲಿಗ್ನಿನ್ ಸುಡಲು ಖರ್ಚಾಗುತ್ತದೆ. ಇಷ್ಟು ಖರ್ಚು ಮಾಡಿ ಲಿಗ್ನಿನ್ನಿನಿಂದ ಪಡೆಯುವುದು ಅತ್ಯಲ್ಪ. ಅದರ ಇಂಗಾಲದ ಸ್ವಲ್ಪ ಭಾಗ ಕೆಲವು ಶಿಲೀಂಧ್ರಗಳ ಮೈಗೂಡುತ್ತದೆ ಎಂಬುದು 2021ರಲ್ಲಿ ಕಂಡುಬಂದಿದೆಯಾದರೂ, ಲಿಗ್ನಿನ್ ಒಂದನ್ನೇ ತಿಂದು ಬದುಕುವ ಬಿಳಿ ಕೊಳೆಯ ಶಿಲೀಂಧ್ರ ತಿಳಿದಿಲ್ಲ. ಮುಚ್ಚಳ ತೆಗೆಯುವುದೇ ಗುರಿ. 1978ರಲ್ಲಿ ಫನೆರೋಕೀಟೆಯ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಲಿಗ್ನಿನ್ ಮುಂದಿಟ್ಟಾಗಲ್ಲ, ಸಾರಜನಕ ಮುಗಿದು ಬೆಳವಣಿಗೆ ನಿಂತಾಗ ಅದು ಲಿಗ್ನಿನ್ ಒಡೆಯಲು ತೊಡಗುತ್ತದೆ ಎಂಬುದು ತಿಳಿದುಬಂದಿತು.

ಕಲ್ಲಿದ್ದಲಿನ ಬಗ್ಗೆ ಇಲ್ಲಿ ಎರಡು ಮಾತು ಹೇಳದಿದ್ದರೆ ಓದುಗರೇ ಕೇಳುತ್ತಾರೆ. 2012ರಲ್ಲಿ 31 ಶಿಲೀಂಧ್ರಗಳ ಜೀನೋಮುಗಳನ್ನು ಹೋಲಿಸಿದ ದೊಡ್ಡ ಅಧ್ಯಯನವೊಂದು ಲಿಗ್ನಿನ್ ಒಡೆಯುವ ಪೆರಾಕ್ಸಿಡೇಸುಗಳು ಸುಮಾರು 29 ಕೋಟಿ ವರ್ಷಗಳ ಹಿಂದೆ ಮೂಡಿದವು ಎಂದು ಅಂದಾಜಿಸಿತು. ಕಲ್ಲಿದ್ದಲು ಹೇರಳವಾಗಿ ಶೇಖರವಾದ ಕಾರ್ಬಾನಿಫೆರಸ್ ಯುಗ ಮುಗಿಯುವ ಹೊತ್ತಿಗೆ ಅದು ಹೊಂದಿಕೊಳ್ಳುತ್ತಿದ್ದುದರಿಂದ, ಅದಕ್ಕೆ ಮೊದಲು ಮರ ಕೊಳೆಯುತ್ತಲೇ ಇರಲಿಲ್ಲ, ಆದ್ದರಿಂದಲೇ ಅಷ್ಟೊಂದು ಕಲ್ಲಿದ್ದಲು ಶೇಖರವಾಯಿತು ಎಂಬ ಕಥೆ ಜನಪ್ರಿಯವಾಯಿತು. ಕಥೆ ಸೊಗಸಾಗಿದೆ, ನಾನೂ ಹಲವರಿಗೆ ಹೇಳಿದ್ದೇನೆ. ಆದರೆ 2016ರ ಇನ್ನೊಂದು ಅಧ್ಯಯನ, ಆ ಕಲ್ಲಿದ್ದಲಾದ ಗಿಡಗಳಲ್ಲಿ ಅನೇಕವುಗಳ ಮೈಯಲ್ಲಿ ಲಿಗ್ನಿನ್ ಪ್ರಧಾನವಾಗಿರಲಿಲ್ಲ, ತೇವದ ಉಷ್ಣ ಹವೆ ಮತ್ತು ಕುಸಿಯುತ್ತಿದ್ದ ಭೂತಗ್ಗುಗಳು ಒಟ್ಟಿಗೆ ಸಿಕ್ಕಿದ್ದೇ ಮುಖ್ಯ ಕಾರಣ ಎಂದು ವಾದಿಸಿತು. ನನಗೆ ಈ ಎರಡನೆಯ ವಾದವೇ ಗಟ್ಟಿಯೆನಿಸುತ್ತದೆ, ಈಗ ಆ ಕಥೆಯನ್ನು ಹೇಳುವುದನ್ನು ಬಿಟ್ಟಿದ್ದೇನೆ.

ಇನ್ನು ಕಂದು ತುಂಡು. ಅದರಲ್ಲಿ ಸೆಲ್ಯುಲೋಸ್ ಹೋಗಿದೆ, ಲಿಗ್ನಿನ್ ಉಳಿದಿದೆ. ಕಂದು ಬಣ್ಣ ಲಿಗ್ನಿನ್ನಿನದೇ. ಮುಚ್ಚಳ ತೆಗೆಯದೆ ಒಳಗಿದ್ದದ್ದನ್ನು ಖಾಲಿಮಾಡಿದ್ದು ಹೇಗೆ? 1961ರಲ್ಲಿ ಎಲ್ಲಿಸ್ ಕೌಲಿಂಗ್ ಒಂದೇ ಜಾತಿಯ ಮರವನ್ನು ಒಂದು ಬಿಳಿ ಕೊಳೆಯ ಶಿಲೀಂಧ್ರಕ್ಕೂ ಒಂದು ಕಂದು ಕೊಳೆಯ ಶಿಲೀಂಧ್ರಕ್ಕೂ ಕೊಟ್ಟು, ಉಳಿದ ಸೆಲ್ಯುಲೋಸಿನ ಸರಗಳ ಉದ್ದವನ್ನು ಅಳೆದರು. ಬಿಳಿ ಕೊಳೆಯಲ್ಲಿ ಮರ ಸವೆಯುತ್ತ ಹೋದರೂ ಉಳಿದ ಸರಗಳು ಬಹುಮಟ್ಟಿಗೆ ಮೊದಲಿನಷ್ಟೇ ಉದ್ದವಾಗಿದ್ದವು. ಕಿಣ್ವಗಳು ಮೇಲ್ಮೈಯಿಂದ ಪದರ ಪದರವಾಗಿ ಕೆರೆಯುತ್ತವೆ ಎಂಬುದಕ್ಕೆ ಅದು ಒಪ್ಪುತ್ತದೆ. ಕಂದು ಕೊಳೆಯಲ್ಲಿ ತೂಕ ಇನ್ನೂ ಅಷ್ಟಾಗಿ ಇಳಿಯುವ ಮೊದಲೇ ಸರಗಳು ಎಲ್ಲೆಡೆ ಚೂರುಚೂರಾಗಿದ್ದವು. ತೊಲೆಯೊಂದು ನೋಡಲು ಗಟ್ಟಿಯಾಗಿಯೇ ಇದ್ದು ಇದ್ದಕ್ಕಿದ್ದಂತೆ ಮುರಿದು ಬೀಳುವುದು ಇದರಿಂದಲೇ. ಎಳೆಯಿಂದ ದೂರದಲ್ಲಿ, ಗೋಡೆಯ ಒಡಲೊಳಗೆ, ಯಾವುದೋ ಕೆಲಸ ಮಾಡಿತ್ತು. ಆದರೆ ಕೊಳೆಯದ ಮರದ ಗೋಡೆಯಲ್ಲಿನ ರಂಧ್ರಗಳು ಹೆಚ್ಚೆಂದರೆ ಎರಡು ನ್ಯಾನೋಮೀಟರಿನ ಆಸುಪಾಸಿನವು, ಸೆಲ್ಯುಲೇಸ್ ಕಿಣ್ವದ ವ್ಯಾಸ ನಾಲ್ಕಾರು ನ್ಯಾನೋಮೀಟರ್. ಒಳಗೆ ಹೊಕ್ಕದ್ದು ಕಿಣ್ವವಾಗಿರಲು ಸಾಧ್ಯವಿರಲಿಲ್ಲ.

ಇಲ್ಲಿಯೂ 1894ರ ಒಂದು ಸಂಗತಿ ಬರುತ್ತದೆ. ಫಿಷರ್ ಬೀಗದ ಕೈಯ ಹೋಲಿಕೆ ಕೊಟ್ಟ ಅದೇ ವರ್ಷ ಇಂಗ್ಲೆಂಡಿನಲ್ಲಿ ಹೆನ್ರಿ ಫೆಂಟನ್ ಅವರು ಕಬ್ಬಿಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸೇರಿದಾಗ ಆಗುವ ತೀವ್ರವಾದ ಉತ್ಕರ್ಷಣವನ್ನು ವಿವರಿಸಿದರು. ಅದರಲ್ಲಿ ಹುಟ್ಟುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎದುರಿಗೆ ಸಿಕ್ಕ ಯಾವ ಸಾವಯವ ಅಣುವನ್ನೂ ಬಿಡುವುದಿಲ್ಲ, ಮತ್ತು ಹುಟ್ಟಿದ ಜಾಗದಿಂದ ದೂರ ಹೋಗುವಷ್ಟು ಹೊತ್ತು ಬದುಕುವುದೂ ಇಲ್ಲ. ಕಂದು ಕೊಳೆಯ ಶಿಲೀಂಧ್ರಗಳು ಆಕ್ಸಾಲಿಕ್ ಆಮ್ಲವನ್ನೂ ಹೈಡ್ರೋಕ್ವಿನೋನ್ ಎಂಬ ಸಣ್ಣ ಅಣುಗಳನ್ನೂ ಮರದೊಳಕ್ಕೆ ಕಳಿಸಿ, ಅಲ್ಲಿನ ಕಬ್ಬಿಣವನ್ನು ಈ ಕ್ರಿಯೆಗೆ ಸಜ್ಜುಮಾಡುತ್ತವೆ. ರ‍್ಯಾಡಿಕಲ್ ಗೋಡೆಯ ಒಳಗೇ ಹುಟ್ಟಿ ಅಲ್ಲೇ ಸೆಲ್ಯುಲೋಸನ್ನು ಕಡಿದುಹಾಕುತ್ತದೆ, ಲಿಗ್ನಿನ್ನನ್ನು ಅಲ್ಲಲ್ಲಿ ಮುರಿದು ಮಾರ್ಪಡಿಸಿ ಬಿಟ್ಟುಬಿಡುತ್ತದೆ. ಕಿಣ್ವಗಳ ಸರದಿ ಬರುವುದು ಆಮೇಲೆ. ಅಂದರೆ ನನ್ನ ಶಾಲೆಯ ವಾಕ್ಯ ಕಂದು ತುಂಡಿನ ವಿಷಯದಲ್ಲಿ ಮೊದಲ ಹೆಜ್ಜೆಯನ್ನೇ ತಪ್ಪಿಸಿಕೊಂಡಿತ್ತು.

ಆದರೆ ಇದೇ ರ‍್ಯಾಡಿಕಲ್ ಶಿಲೀಂಧ್ರದ ಕಿಣ್ವಗಳನ್ನೂ ಹಾಳುಮಾಡಬೇಕಲ್ಲವೇ? 2016ರಲ್ಲಿ ಪೋಸ್ಟಿಯಾ ಪ್ಲಾಸೆಂಟಾ ಎಂಬ ಕಂದು ಕೊಳೆಯ ಶಿಲೀಂಧ್ರವನ್ನು ತೆಳುವಾದ ಮರದ ಹಾಳೆಗಳ ಮೇಲೆ ಒಂದೇ ದಿಕ್ಕಿಗೆ ಬೆಳೆಸಿ, ಮುಂಚೂಣಿಯಿಂದ ಹಿಂದಕ್ಕೆ ಸಣ್ಣ ಸಣ್ಣ ಪಟ್ಟಿಗಳಾಗಿ ಕತ್ತರಿಸಿ ಪರೀಕ್ಷಿಸಿದಾಗ ಉತ್ತರ ಸಿಕ್ಕಿತು. ಎಳೆಗಳ ಮುಂದಿನ ತುದಿಯಲ್ಲಿ ರ‍್ಯಾಡಿಕಲ್ ತಯಾರಿಯ ಜೀನುಗಳು ಚುರುಕಾಗಿದ್ದವು. ಕೆಲವೇ ಮಿಲಿಮೀಟರ್ ಹಿಂದೆ ಅವು ತಣ್ಣಗಾಗಿ, ಸಕ್ಕರೆ ಬಿಡಿಸುವ ಕಿಣ್ವಗಳ ಜೀನುಗಳು ಎದ್ದಿದ್ದವು. ಒಂದೇ ಜೀವಿ ಮುಂದೆ ಸಿಡಿಸುತ್ತ, ಹಿಂದೆ ಆಯ್ದುಕೊಳ್ಳುತ್ತ ಸಾಗುತ್ತದೆ.

2009ರಲ್ಲಿ ಇದೇ ಪೋಸ್ಟಿಯಾದ ಜೀನೋಮನ್ನು ಓದಿದಾಗ ಅಲ್ಲಿ ಲಿಗ್ನಿನ್ ಪೆರಾಕ್ಸಿಡೇಸ್ ಇರಲಿಲ್ಲ, ಸುರಂಗದ ಸೆಲ್ಲೋಬಯೋಹೈಡ್ರೋಲೇಸೂ ಇರಲಿಲ್ಲ. ಕಂದು ಕೊಳೆಯ ವಂಶಗಳು ಬಿಳಿ ಕೊಳೆಯ ಪೂರ್ವಜರಿಂದ ಒಂದಕ್ಕಿಂತ ಹೆಚ್ಚು ಸಲ ಪ್ರತ್ಯೇಕವಾಗಿ ಹುಟ್ಟಿವೆ, ಪ್ರತಿ ಸಲವೂ ಆ ಕಿಣ್ವಗಳನ್ನು ಕೈಬಿಟ್ಟಿವೆ. ಇದ್ದ ಸಾಮರ್ಥ್ಯವನ್ನು ಕಳೆದುಕೊಳ್ಳುವುದು ಲಾಭವಾದೀತು ಹೇಗೆ ಎಂದು ಮೊದಮೊದಲು ನನಗೆ ಅರ್ಥವಾಗಲಿಲ್ಲ. ಸಾರಜನಕದ ಲೆಕ್ಕ ನೋಡಿದ ಮೇಲೆ ಸ್ವಲ್ಪ ಅರ್ಥವಾಯಿತು. ಕಿಣ್ವ ಪ್ರೋಟೀನು, ಪ್ರೋಟೀನಿಗೆ ಸಾರಜನಕ ಬೇಕು, ಮರದಲ್ಲಿ ಸಾರಜನಕ ಇರುವುದು ಶೇಕಡಾ 0.03ರಿಂದ 0.1ರಷ್ಟು. ಶಿಲೀಂಧ್ರ ತನ್ನ ಹಳೆಯ ಎಳೆಗಳನ್ನು ತಾನೇ ಕರಗಿಸಿ ಅವುಗಳ ಸಾರಜನಕವನ್ನು ಮುಂದಿನ ತುದಿಗೆ ಸಾಗಿಸುತ್ತದೆ; ಅಷ್ಟು ಬಡತನದಲ್ಲಿ ಹೊರಗೆ ಬಿಟ್ಟ ಪ್ರತಿಯೊಂದು ಕಿಣ್ವವೂ ಮೈಯಿಂದ ಕಿತ್ತುಕೊಟ್ಟದ್ದು. ಆಕ್ಸಾಲಿಕ್ ಆಮ್ಲದಲ್ಲಿಯೂ ಹೈಡ್ರೋಕ್ವಿನೋನಿನಲ್ಲಿಯೂ ಸಾರಜನಕದ ಒಂದು ಪರಮಾಣುವೂ ಇಲ್ಲ, ಇರುವುದು ಇಂಗಾಲ, ಹೈಡ್ರೋಜನ್, ಆಕ್ಸಿಜನ್ ಮಾತ್ರ, ಅವು ಮರದಲ್ಲಿ ಬೇಕಾದಷ್ಟಿವೆ. ದುಬಾರಿ ಪಡೆಯನ್ನು ಕಡಿಮೆ ಮಾಡಿ ಅಗ್ಗದ ಸಣ್ಣ ಅಣುಗಳಿಂದ ಕೆಲಸ ತೆಗೆಯುವ ಈ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ, ಇದೊಂದೇ ಕಾರಣವಿರಲಾರದು ಎಂಬ ಅನುಮಾನದೊಂದಿಗೆ.

ಮೇಜಿನ ಮೇಲಿನ ತುಂಡುಗಳು ಈಗ ಪೂರ್ತಿ ಒಣಗಿವೆ, ಒಳಗಿನ ಕೆಲಸ ನಿಂತಿದೆ. ಮಳೆ ಶುರುವಾದಾಗ ಅವನ್ನು ತಂದಲ್ಲಿಯೇ ಮರಳಿ ಇಡಬೇಕೆಂದಿದ್ದೇನೆ. ಬಿಳಿ ತುಂಡಿನದು ಬಹುಬೇಗ ಮುಗಿಯುವ ಕಥೆ. ಅದರ ಲಿಗ್ನಿನ್ ಆಗಲೇ ಬಹುಪಾಲು ಗಾಳಿ ಸೇರಿದೆ, ಉಳಿದ ನಾರೂ ಅದೇ ದಾರಿ ಹಿಡಿಯುತ್ತದೆ. ಕಂದು ಕೊಳೆಯ ಶೇಷ ಮಾತ್ರ ಕಾಡಿನ ಮಣ್ಣಿನಲ್ಲಿ ನೂರಾರು ವರ್ಷ ಉಳಿದು, ತೇವ ಹಿಡಿದಿಟ್ಟುಕೊಂಡು, ಬೇರುಗಳಿಗೆ ನೆಲೆಯಾಗುತ್ತದೆ. ಆ ತುಂಡಿನಿಂದ ಉದುರಿದ ಪುಡಿ ನನ್ನ ಮೇಜಿನ ಹಲಗೆಗಳ ಸಂದಿನಲ್ಲಿ ಸೇರಿಕೊಂಡಿದೆ. ಒದ್ದೆ ಬಟ್ಟೆಯಿಂದ ಎಷ್ಟು ಸಲ ಒರೆಸಿದರೂ ಕಂದು ಗೆರೆಯೊಂದು ಉಳಿದೇ ಇದೆ.